ಹಳದಿ ಕಾರಿನ ಸೋರಿಕೆ

ನಾನು ಸಂಜೆ ಮನೆಗೆ ಬಂದರೆ ತಲೆಯೆತ್ತಿ ನೋಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅಮ್ಮ ಬಾಗಿಲು ತೆಗೆದು, "ನೀನಾ?" ಎಂದು ಒಳಗೆ ಹೋಗುತ್ತಾಳೆ. (ಇನ್ನಾರು ಬರಬೇಕಿತ್ತೋ, ಇವತ್ತಿನವರೆಗೂ ಹೇಳಿಲ್ಲ.) ಮಗಳು ಪುಸ್ತಕದಿಂದ ಕಣ್ಣು ಕೀಳುವುದಿಲ್ಲ; ಪುಸ್ತಕದೊಳಗೆ ಫೋನಿರುತ್ತದೆ ಎಂಬುದು ಬೇರೆ ಮಾತು. ಹೆಂಡತಿ ಅಡುಗೆಮನೆಯಿಂದಲೇ, "ಚಪ್ಪಲಿ ಹೊರಗೆ ಬಿಡ್ರೀ" ಎನ್ನುತ್ತಾಳೆ. ನಮ್ಮ ಹಳ್ಳಿಯಲ್ಲಿ ಮೊದಲು ಡಿಗ್ರಿ ಪಡೆದವನು, ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಪತ್ತೆ ಮಾಡುವ ಅಧಿಕಾರಿ, ಇಂಥ ನನಗೆ ಸ್ವಂತ ಮನೆಯಲ್ಲಿ ಸಿಗುವ ಸ್ವಾಗತ ಇಷ್ಟೇ. ಹೀಗಿರುವಾಗ, ನನ್ನನ್ನು ಕಂಡೊಡನೆ ಕಣ್ಣರಳಿಸಿ ಕಿವಿ ನಿಮಿರಿಸುವ ಜೀವವೊಂದು ಮನೆಗೆ ಬಂದರೆ ಮನಸ್ಸು ಸೋಲದೆ ಇರುತ್ತದೆಯೇ?

ಆ ಜೀವ ನನ್ನ ಭಾವಮೈದುನನ ಕಾರು.

ಭಾವಮೈದುನನಿಗೆ ಹಡಗಿನಲ್ಲಿ ಕೆಲಸ. ಆರು ತಿಂಗಳು ನೀರಿನ ಮೇಲಿದ್ದು ಬಂದವನು, ನೆಲದ ಮೇಲೆ ಹಾರಾಡಬೇಕೆನಿಸಿ ಒಂದು ಸ್ಪೋರ್ಟ್ಸ್ ಕಾರು ಕೊಂಡ. ಸರಿಯಾಗಿ ಹಾರುವ ಮೊದಲೇ ಹಡಗಿನಿಂದ ಕರೆ ಬಂತು. ಕಾರನ್ನು ತಂದು ನಮ್ಮ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿ, "ಭಾವ, ಬೇರೆ ಯಾರನ್ನೂ ನಂಬಲ್ಲ ನಾನು. ನೀವಾದ್ರೆ ಬಾಟಲಿ ಮುಚ್ಚಳ ಹಾಕಿದ ಮೇಲೂ ಇನ್ನೊಂದ್ಸಲ ತಿರುಗಿಸಿ ನೋಡೋರು. ಆಗಾಗ ಒಂದು ಸುತ್ತು ಓಡಿಸ್ತಾ ಇರಿ, ಅಷ್ಟೇ" ಎಂದ. ನನ್ನ ಅತ್ತೆ ಮನೆಯ ಕಡೆಯಿಂದ ನನಗೆ ಸಿಕ್ಕ ಮೊದಲ ಪ್ರಶಸ್ತಿ ಅದು. 

ಕಾರು ಕಳಿತ ನಿಂಬೆಹಣ್ಣಿನ ಬಣ್ಣ. ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂರುವುದು ಬಾವಿಗೆ ಇಳಿದಂತೆ, ಹೊರಗೆ ಬರುವುದು ಬಾವಿಯಿಂದ ಎತ್ತಿದಂತೆ. ಅಮ್ಮ ಮೊದಲ ದಿನ ಅದನ್ನು ಸುತ್ತಿ ನೋಡಿ, "ಪಾಪ, ಯಾರೋ ಮೇಲೆ ಕೂತುಬಿಟ್ಟಿದ್ದಾರೆ ಕಣೋ" ಎಂದಳು. ಅದರ ಕೀ ಎಂಬುದೂ ಕೀಯಂತಿಲ್ಲ; ಹೊಳೆಯಲ್ಲಿ ಉರುಳಿ ನುಣುಪಾದ ಕರಿಗಲ್ಲಿನಂತಿದೆ. ಎಲ್ಲಿಯೂ ತೂರಿಸಬೇಕಿಲ್ಲ, ತಿರುಗಿಸಬೇಕಿಲ್ಲ. ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ಸಾಕು, ದೀಪಗಳು ಮೆಲ್ಲಗೆ ಬೆಳಗಿ, ಮಡಿಸಿದ್ದ ಎರಡು ಕನ್ನಡಿಗಳು ಕರುವಿನ ಕಿವಿಗಳಂತೆ ಅರಳುತ್ತವೆ.

ನಮ್ಮಪ್ಪ ಕೊಟ್ಟಿಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿದ್ದನ್ನು ನಾನು ಕಂಡಿಲ್ಲ. ನಾನು ಆ ವಂಶದವನು. ಕೀಯನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ನಮ್ಮ ಮಲಗುವ ಕೋಣೆಗೂ ಪೋರ್ಟಿಕೋಗೂ ನಡುವೆ ಒಂದೇ ಗೋಡೆ. ಆಚೆ ಅದರ ಮೂತಿ, ಈಚೆ ನನ್ನ ತಲೆ. ಕಾವಲೆಂದರೆ ಹೀಗಿರಬೇಕು ಎಂದುಕೊಂಡೆ.

ಓಡಿಸುವ ವಿಷಯಕ್ಕೆ ಬಂದರೆ, ನಮ್ಮ ಗೇಟಿನ ಹೊರಗೇ ಒಂದು ರಸ್ತೆಯುಬ್ಬು ಇದೆ.

"ನಂಗೆ ಲೈಸೆನ್ಸ್ ಇದೆ. ನಾನು ಓಡಿಸ್ತೀನಿ ಬನ್ರೀ" ಎಂದಳು ಹೆಂಡತಿ.

"ಉಬ್ಬಿಗೆ ಹೊಟ್ಟೆ ತಾಗಿದ್ರೆ?"

"ಓರೆಯಾಗಿ ಹತ್ತಿಸಿದ್ರೆ ತಾಗಲ್ಲ."

"ನಿನ್ನ ತಮ್ಮ ನಂಬಿ ಬಿಟ್ಟಿದ್ದು ನನ್ನನ್ನ."

"ಹಾಗಾದ್ರೆ ನೀವೇ ಓಡಿಸಿ."

"ಹೊಟ್ಟೆ ತಾಗುತ್ತಲ್ಲ!"

ಹೀಗಾಗಿ ಕಾರು ನಿಂತಲ್ಲೇ ನಿಂತಿತು. ನಾನು ಮಾತ್ರ ಬೆಳಿಗ್ಗೆ ಎದ್ದೊಡನೆ ಒಮ್ಮೆ, ಕಾಫಿ ಲೋಟ ಹಿಡಿದು ಒಮ್ಮೆ, ಕಚೇರಿಗೆ ಹೊರಡುವ ಮುನ್ನ ಒಮ್ಮೆ ಹೋಗಿ ನೋಡುತ್ತಿದ್ದೆ. ಹೋದಾಗಲೆಲ್ಲ ಅದು ಕಿವಿ ನಿಮಿರಿಸುತ್ತಿತ್ತು. ಎದೆ ತುಂಬಿ ಬರುತ್ತಿತ್ತು.

ಒಂದು ಬೆಳಿಗ್ಗೆ ಕಿವಿ ನಿಮಿರಲಿಲ್ಲ.

ಬ್ಯಾಟರಿ ಅಂಗಡಿಯವನನ್ನು ಕರೆಸಿದೆ. ಅವನು ಕೀಯೊಳಗಿಂದ ಒಂದು ಪುಟ್ಟ ಉಕ್ಕಿನ ಕೀ ಎಳೆದು ಬಾಗಿಲು ತೆಗೆದ, ಏನೇನೋ ಮಾಡಿ ಮುಂದಿನ ಬಾನೆಟ್ ಎತ್ತಿದ. ಇಣುಕಿ ನೋಡಿದರೆ ಒಳಗೆ ಇಂಜಿನ್ನೇ ಇಲ್ಲ! ಖಾಲಿ ತೊಟ್ಟಿಯಂತಿತ್ತು.

"ಕಳ್ಳರು! ಇಂಜಿನ್ ಹೊತ್ಕೊಂಡು ಹೋಗಿದ್ದಾರೆ!" ಎಂದು ಬೀದಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡೆ.

"ಸಾರ್, ಸಾರ್, ಇದರಲ್ಲಿ ಇಂಜಿನ್ ಹಿಂದೆ ಇರುತ್ತೆ. ಮುಂದೆ ಡಿಕ್ಕಿ" ಎಂದ ಅವನು. ಅಷ್ಟರಲ್ಲಿ ಪಕ್ಕದ ಮನೆಯವರು ಕೋಲು ಹಿಡಿದು ಬಂದಾಗಿತ್ತು. ಅವರಿಗೂ ಕಾಫಿ ಕೊಟ್ಟು ಕಳುಹಿಸಿದೆವು.

ತನ್ನ ಬ್ಯಾಟರಿಯಿಂದ ಜಂಪರ್ ವೈರು ಹಚ್ಚಿ ಕಾರಿಗೆ ಜೀವ ಬರಿಸಿದ ಅವನು, "ಎಲ್ಲೋ ಕರೆಂಟು ಹೋಗ್ತಾ ಇದೆ ಸಾರ್. ಏನೋ ಕುಡೀತಾ ಇದೆ" ಎಂದು ಹೇಳಿ ಹೋದ.

ಸೋರಿಕೆ! ನನ್ನ ಕಿವಿಯೂ ನಿಮಿರಿತು. ಜೀವನವಿಡೀ ನಾನು ಮಾಡಿಕೊಂಡು ಬಂದಿದ್ದು ಅದನ್ನೇ ತಾನೆ? ನಮ್ಮ ಕಚೇರಿಯಲ್ಲಿ ಒಂದು ಕಬ್ಬಿಣದ ಕೋಲಿದೆ. ಒಂದು ತುದಿ ನೆಲಕ್ಕೂರಿ ಇನ್ನೊಂದಕ್ಕೆ ಕಿವಿ ಕೊಟ್ಟರೆ, ಭೂಮಿಯೊಳಗೆ ಕೊಳವೆ ಸೋರುವ ಸದ್ದು ಕೇಳಿಸುತ್ತದೆ. ದೂರು ಕೊಡುವವರು ಯಾವಾಗಲೂ ಪಕ್ಕದ ಮನೆಯ ಕಡೆಗೆ ಕೈ ತೋರಿಸುತ್ತಾರೆ. ಅಗೆದು ನೋಡಿದರೆ ಅವರದೇ ಅಂಗಳದಲ್ಲಿ ಒಡೆದಿರುತ್ತದೆ. ಇಂಥ ಬುದ್ಧಿವಂತರನ್ನು ಕಂಡು ಕಚೇರಿಯಲ್ಲಿ ನಾವು ಹೊಟ್ಟೆ ಹಿಡಿದು ನಗುವುದುಂಟು.

ಕೋಲನ್ನು ಮನೆಗೆ ತಂದೆ. ಕೀ ಜೇಬಿನಲ್ಲಿತ್ತು. ಕೋಲನ್ನು ಕಾರಿನ ಮೈಗೆ ಹಚ್ಚಿ ಉಸಿರು ಬಿಗಿಹಿಡಿದು ಆಲಿಸಿದೆ. ಒಳಗೆಲ್ಲೋ ಸಣ್ಣಗೆ 'ಝುಂಯ್' ಎನ್ನುತ್ತಿತ್ತು. ನಿಂತ ಕಾರೇಕೆ ಝೇಂಕರಿಸಬೇಕು? ಈಗಷ್ಟೇ ಯಾರೋ ಒಳಗೆ ಕೂತು ಎದ್ದು ಹೋಗಿದ್ದಾರೆ, ಸಂಶಯವೇ ಇಲ್ಲ!

ಬಾಗಿಲು ತೆರೆದು ಶೋಧಿಸಿದೆ. ಸೀಟಿನ ಸಂದಿಯಲ್ಲಿ ಅಮ್ಮನ ಕನ್ನಡಕದ ಡಬ್ಬಿ, ಕೆಳಗೆ ಮಗಳ ಚಾರ್ಜರ್ ವೈರು, ಇನ್ನೊಂದು ಬದಿಯಲ್ಲಿ ಹೆಂಡತಿಯ ತಲೆಪಿನ್ನು. ಮೂವರನ್ನೂ ಸಾಲಾಗಿ ನಿಲ್ಲಿಸಿದೆ.

"ನಾನು ಸುಮ್ನೆ ಕೂತಿದ್ದೆ ಕಣೋ" ಎಂದಳು ಅಮ್ಮ. "ಈ ಮನೇಲಿ ಬೆನ್ನು ಒರಗಿಸೋಕೆ ಒಂದು ಕುರ್ಚಿ ಇಲ್ಲ."

"ಅದರೊಳಗೆ ಮಾತ್ರ ಸದ್ದಿಲ್ಲ ಅಪ್ಪಾ. ನೀವು ಫೋನಲ್ಲಿ ಮಾತಾಡಿದ್ರೆ ಬೀದಿಗೆಲ್ಲ ಕೇಳುತ್ತೆ" ಎಂದಳು ಮಗಳು.

"ನಾನು ನಮ್ಮಕ್ಕನ ಹತ್ರ ಮಾತಾಡೋಕೆ ಹೋಗಿದ್ದೆ" ಎಂದಳು ಹೆಂಡತಿ.

"ಮನೆಯೊಳಗೆ ಮಾತಾಡಬಹುದಲ್ಲ?"

"ನಿಮ್ಮ ವಿಷಯ ನಿಮ್ಮ ಮುಂದೆ ಹೇಗ್ರೀ ಮಾತಾಡೋದು?"

ಅಂದಿನಿಂದಲೇ ನಿಷೇಧಾಜ್ಞೆ ಜಾರಿ ಮಾಡಿದೆ. ಕೀಯನ್ನು ದಿಂಬಿನ ಕೆಳಗಿನಿಂದ ತೆಗೆದು, ದಿಂಬಿನೊಳಗೇ ಹತ್ತಿಯ ನಡುವೆ ಇಟ್ಟು, ಸ್ವಹಸ್ತದಿಂದ ಹೊಲಿದುಬಿಟ್ಟೆ. ಕಾರನ್ನು ನೋಡಲು ಹೋಗುವಾಗ ದಿಂಬನ್ನೇ ಕಂಕುಳಲ್ಲಿ ಇರುಕಿಕೊಂಡು ಹೋಗತೊಡಗಿದೆ. ದಿಂಬು ಹತ್ತಿರ ಬಂದರೂ ಅದು ಕಿವಿ ನಿಮಿರಿಸುತ್ತಿತ್ತು, ಪಾಪ. ಬೀದಿಯವರು ಮಾತ್ರ ನನ್ನನ್ನು ಮಲಗುವ ಕೋಣೆಯಿಂದ ಹೊರಹಾಕಿದ್ದಾರೆಂದು ತಿಳಿದರು. ಪಕ್ಕದ ಮನೆಯವರು ಗೇಟಿನ ಬಳಿ ತಡೆದು, "ಕಾಲ ಎಲ್ಲ ಸರಿ ಮಾಡುತ್ತೆ ಬಿಡಿ" ಎಂದು ಹೆಗಲು ತಟ್ಟಿದರು.

ಆದರೂ ಬ್ಯಾಟರಿ ಸತ್ತಿತು. ಹೊಸದು ಹಾಕಿಸಿದೆ. ಅದೂ ಸೊರಗಿತು. ಭಾವಮೈದುನ ಹಡಗಿನಿಂದ ಫೋನು ಮಾಡಿ, "ಕಾರು ಹೇಗಿದೆ ಭಾವ?" ಎಂದು ಕೇಳಿದಾಗಲೆಲ್ಲ, "ಒಂದೇ ಒತ್ತಿಗೆ ಸ್ಟಾರ್ಟು!" ಎನ್ನುತ್ತಿದ್ದೆ. ನಂಬಿ ಬಿಟ್ಟುಹೋದವನಿಗೆ ಇನ್ನೇನು ಹೇಳಲಿ?

ಈ ಸ್ಥಿತಿಯಲ್ಲಿರುವಾಗ ಮಾವ ಬರುತ್ತಾರೆಂದು ಸುದ್ದಿ ಬಂತು.

ನನ್ನ ಮಾವ ರೈಲು ಓಡಿಸಿ ನಿವೃತ್ತರಾದವರು. ಹೆಣ್ಣು ನೋಡಲು ಹೋದ ದಿನ, "ಏನು ಕೆಲಸ?" ಎಂದು ಕೇಳಿದ್ದರು. "ನೀರಿನ ಸೋರಿಕೆ ನೋಡೋದು" ಎಂದೆ. "ನಿಲ್ಲಿಸ್ತೀರಾ?" "ಇಲ್ಲ, ಪತ್ತೆ ಮಾಡ್ತೀನಿ. ನಿಲ್ಲಿಸೋದು ಬೇರೆ ವಿಭಾಗ" ಎಂದೆ. ಆಗ ಅವರು ಮಗಳ ಮುಖ ನೋಡಿದ ರೀತಿಯನ್ನು ನಾನಿನ್ನೂ ಮರೆತಿಲ್ಲ. ಅಂದಿನಿಂದಲೂ ಅವರ ಪಾಲಿಗೆ ನಾನು ಇಂಜಿನ್ ಕಳಚಿ ನಿಲ್ಲಿಸಿದ ರೈಲು ಡಬ್ಬಿ.

"ಅಪ್ಪನ ಕಣ್ಣು ಮಂಜಾಗ್ತಾ ಇದೆ" ಎಂದಳು ಹೆಂಡತಿ. "ಪೂರ್ತಿ ಮುಚ್ಚೋ ಮೊದಲು ಮಗನ ಕಾರಲ್ಲಿ ಮುಂದೆ ಕೂತು ಒಂದ್ಸಲ ರಸ್ತೆ ಓಡೋದನ್ನ ನೋಡ್ಬೇಕಂತೆ. ಭಾನುವಾರ ಬೆಳಿಗ್ಗೆ. ರೀ, ನಾನು ಯಾವತ್ತೂ ಏನೂ ಕೇಳಿಲ್ಲ." (ಕೇಳಿದ್ದಾಳೆ. ಆದರೆ ಅದನ್ನು ನೆನಪಿಸುವ ಸಮಯ ಅದಾಗಿರಲಿಲ್ಲ.) "ಒಂದೇ ಒಂದ್ಸಲ ನಮ್ಮಪ್ಪನ ಎದುರಿಗೆ ನಿಮ್ಮ ಕೆಲಸ ಒಂದು ಸರಿ ಹೋಗ್ಲಿ."

ಅವಳ ಕಣ್ಣಲ್ಲಿ ನೀರಿತ್ತು. ಈ ಸೋರಿಕೆಯ ಮೂಲ ಮಾತ್ರ ನನಗೆ ಕೋಲಿಲ್ಲದೆಯೇ ತಿಳಿಯಿತು. ಏನೇ ಆದರೂ ಕಾರು ಹೊರಡಲೇಬೇಕು ಎಂದು ಹಲ್ಲು ಕಚ್ಚಿದೆ.

ಮಧ್ಯೆ ಕಚೇರಿ ಕೆಲಸದ ಮೇಲೆ ನಾಲ್ಕು ದಿನ ಬೇರೆ ಊರಿಗೆ ಹೋಗಬೇಕಾಯಿತು. ಬ್ಯಾಟರಿಗೆ ಚಾರ್ಜು ತುಂಬಿಸಿ, ದಿಂಬನ್ನೂ ಸೂಟ್‌ಕೇಸಿಗೆ ತುರುಕಿಕೊಂಡು ಹೋದೆ. ಹಿಂದಿರುಗಿ ಬಂದವನು ಶೂ ಬಿಚ್ಚದೆ, ದಿಂಬಿನೊಂದಿಗೆ ಕಾರಿನೊಳಗಿಳಿದು ಸ್ಟಾರ್ಟ್ ಗುಂಡಿ ಒತ್ತಿದೆ. ಘರ್ಜಿಸಿತು! ಒಂದೇ ಒತ್ತಿಗೆ!

"ನೋಡಿದ್ರಾ?" ಎಂದು ಮೂವರ ಮುಂದೆಯೂ ಎದೆಯುಬ್ಬಿಸಿದೆ. "ನಾಲ್ಕು ದಿನ ಕೀ ನನ್ನ ಹತ್ರ ಇತ್ತು. ನಿಮಗೆ ಒಳಗೆ ಹೋಗೋಕೆ ಆಗಲಿಲ್ಲ. ಬ್ಯಾಟರಿ ಉಳೀತು!"

"ನಾಲ್ಕು ದಿನ ನೀವೂ ಇರಲಿಲ್ಲವಲ್ಲ" ಎಂದಳು ಹೆಂಡತಿ.

ಆ ಮಾತನ್ನು ಅಸೂಯೆಯ ಲೆಕ್ಕಕ್ಕೆ ಹಾಕಿದೆ.

ಶನಿವಾರ ಮಾವ ಬಂದರು. ಅವರಿಗೆ ನಮ್ಮ ಕೋಣೆ ಬಿಟ್ಟುಕೊಟ್ಟೆವು. ನಾನು ಪೋರ್ಟಿಕೋದಲ್ಲಿ, ಕಾರಿನ ಮಗ್ಗುಲಲ್ಲೇ ಚಾಪೆ ಹಾಸಿದೆ. ಇಷ್ಟು ದಿನ ಕಾದದ್ದು ಹೆಚ್ಚಲ್ಲ, ಕೊನೆಯ ರಾತ್ರಿ ಕೈತಪ್ಪಬಾರದು. ದಿಂಬಿನ ಮೇಲೆ ತಲೆ, ಚಕ್ರದ ಮೇಲೆ ಕೈ. ನಾನು ಮಗ್ಗುಲು ಬದಲಿಸಿದಾಗಲೆಲ್ಲ ಅದು ದೀಪ ಬೆಳಗಿ ನನ್ನನ್ನು ನೋಡುತ್ತಿತ್ತು. ಅದಕ್ಕೂ ನಾಳೆಯ ಚಿಂತೆ ಹತ್ತಿರಬೇಕು ಎಂದು ಮೈ ನೇವರಿಸಿ ನಿದ್ದೆ ಹೋದೆ.

ಬೆಳಿಗ್ಗೆ ಮಾವ ಇಸ್ತ್ರಿ ಅಂಗಿ ತೊಟ್ಟು, ಹಳೆಯ ಡ್ರೈವರ್ ಟೋಪಿ ಹಾಕಿಕೊಂಡು ಬಂದು ಕಾರಿನೊಳಗೆ ಇಳಿದರು. ಹೆಂಡತಿ ಮೆಟ್ಟಿಲ ಮೇಲೆ ಸೆರಗು ಹಿಡಿದು ನಿಂತಿದ್ದಳು. ನಾನು ಪಕ್ಕದಲ್ಲಿ ಕೂತು, ತೊಡೆಯ ಮೇಲೆ ದಿಂಬಿಟ್ಟುಕೊಂಡು ಗುಂಡಿ ಒತ್ತಿದೆ.

'ಟಿಕ್' ಎಂದಿತು. ಇನ್ನೊಮ್ಮೆ ಒತ್ತಿದೆ. ಅದೂ ಇಲ್ಲ.

"ಸಿಗ್ನಲ್ ಬಿದ್ದಿಲ್ವಾ ಅಳಿಯಂದ್ರೇ?" ಎಂದರು ಮಾವ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ತಮ್ಮನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಬಿಟ್ಟಳು. ಸತ್ತ ಬ್ಯಾಟರಿಗಳ ಚರಿತ್ರೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಒಂದೇ ಒತ್ತಿಗೆ ಸ್ಟಾರ್ಟು ಅಂತಿದ್ರಲ್ಲ ಭಾವ? ಅದಿರಲಿ, ಕೀ ಎಲ್ಲಿಡ್ತೀರಾ?"

"ಬಹಳ ಭದ್ರವಾಗಿದೆ" ಎಂದೆ. "ದಿಂಬಿನೊಳಗೆ ಹೊಲಿದಿದ್ದೀನಿ. ಗೋಡೆ ಆಚೆಯೇ ನಿನ್ನ ಕಾರು. ನಿನ್ನೆಯಂತೂ ಕಾರಿನ ಪಕ್ಕದಲ್ಲೇ ಮಲಗಿದ್ದೆ."

ಅತ್ತಲಿಂದ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ಅಯ್ಯೋ ಭಾವ! ಕೀ ಹತ್ತಿರ ಇದ್ರೆ ಅದು ಮಲಗೋದೇ ಇಲ್ಲ. ಯಜಮಾನ ಬಂದ, ಇನ್ನೇನು ಬಾಗಿಲು ತೆಗೀತಾನೆ ಅಂತ ರಾತ್ರಿಯೆಲ್ಲ ಎದ್ದು ಕಾಯ್ತಾ ಇರುತ್ತೆ. ಬ್ಯಾಟರಿ ಕುಡಿದಿದ್ದು ನೀವೇ! ದೂರದಲ್ಲಿ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ."

 ಮಗಳು ಮೂಲೆಯಿಂದ ಕಬ್ಬಿಣದ ಕೋಲನ್ನು ತಂದು, ಒಂದು ತುದಿಯನ್ನು ನನ್ನ ಎದೆಗೆ ಹಚ್ಚಿ ಇನ್ನೊಂದಕ್ಕೆ ಕಿವಿ ಕೊಟ್ಟು, "ಸಿಕ್ತು ಅಪ್ಪಾ" ಎಂದಳು.

"ನೀವಿಲ್ಲದ ನಾಲ್ಕು ದಿನ ನಮಗೂ ಒಳ್ಳೆ ನಿದ್ದೆ ಬಂದಿತ್ತು" ಎಂದಳು ಹೆಂಡತಿ.

ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅಷ್ಟು ವರ್ಷ ರೈಲು ಓಡಿಸಿದೆ ಅಳಿಯಂದ್ರೇ. ಡ್ಯೂಟಿ ಮುಗಿದ ಮೇಲೆ ಇಂಜಿನ್ ತಬ್ಕೊಂಡು ಮಲಗಲಿಲ್ಲ. ಮನೆಗೆ ಹೋಗ್ತಿದ್ದೆ."

ಬ್ಯಾಟರಿ ಅಂಗಡಿಯವನು ಬಂದು ಜಂಪರ್ ಹಚ್ಚಿದ. ಹೆಂಡತಿ ಕತ್ತರಿಯಿಂದ ದಿಂಬಿನ ಹೊಲಿಗೆ ಬಿಚ್ಚಿ ಕೀ ತೆಗೆದುಕೊಂಡು, ನನಗೆ ಇಳಿಯಿರಿ ಎಂದು ಕಣ್ಣಲ್ಲೇ ಹೇಳಿ, ಸ್ಟೀರಿಂಗ್ ಹಿಂದೆ ಕೂತಳು. ಉಬ್ಬನ್ನು ಓರೆಯಾಗಿ ಹತ್ತಿಸಿದಳು. ಹೊಟ್ಟೆ ತಾಗಲಿಲ್ಲ. ತಿರುವಿನಲ್ಲಿ ಮಾವನ ಟೋಪಿ ಕಿಟಕಿಯಾಚೆ ಆಡುತ್ತಿರುವುದು ಕಂಡಿತು. ಮಧ್ಯಾಹ್ನದವರೆಗೂ ಅವರು ಹಿಂದಿರುಗಲಿಲ್ಲ.

ಈಗ ಕೀ ಅಡುಗೆಮನೆಯ ಯಾವುದೋ ಡಬ್ಬಿಯಲ್ಲಿದೆ. ಯಾವುದೆಂದು ನನ್ನೊಬ್ಬನಿಗೆ ಗೊತ್ತಿಲ್ಲ. ಬ್ಯಾಟರಿ ಆಮೇಲೆ ಸತ್ತೇ ಇಲ್ಲ. ಹೆಂಡತಿ ಆಗಾಗ ಒಂದು ಸುತ್ತು ಹೋಗಿ ಬರುತ್ತಾಳೆ. ಅಮ್ಮ ಪಕ್ಕದಲ್ಲಿ ಒರಗಿ ಕೂತಿರುತ್ತಾಳೆ.

ನಿನ್ನೆ ಸಂಜೆ, ಯಾರೂ ಇಲ್ಲದ ಹೊತ್ತು ನೋಡಿ, ಖಾಲಿ ದಿಂಬನ್ನೇ ಕಂಕುಳಲ್ಲಿಟ್ಟುಕೊಂಡು ಕಾರಿನ ಬಳಿ ಹೋದೆ. ಎಷ್ಟೆಂದರೂ ಇಷ್ಟು ದಿನದ ಒಡನಾಟ. ಮುಂದೆ ನಿಂತೆ. ಕೆಮ್ಮಿದೆ. ಕನ್ನಡಿಯ ಮೇಲೆ ಕೈಯಾಡಿಸಿದೆ. ದೀಪ ಬೆಳಗಲಿಲ್ಲ, ಕಿವಿ ಅಲುಗಲಿಲ್ಲ. ಅದು ಅಷ್ಟು ದಿನವೂ ಎದ್ದು ನಿಂತದ್ದು ನನಗಲ್ಲ, ನನ್ನ ಜೇಬಿಗೆ.

ಹಿಂದೆ ಬಾಗಿಲು ತೆರೆದ ಸದ್ದಾಯಿತು. ಅಮ್ಮ ಇಣುಕಿ ನೋಡಿ, "ನೀನಾ?" ಎಂದು ಒಳಗೆ ಹೋದಳು.