ಹೆಣಾ ನೋಡಿದ ಲೆನ್ಸು

ಸಿದ್ದಲಿಂಗವ್ವ: ನಮ್ಮತ್ತಿ ಹೆಣಾ ನೋಡಿದ ಲೆನ್ಸ ಅದು. ನನ್ನ ಮಗಳ ಅಕ್ಕಿಕಾಳಿಗೆ ಬರೂದು ಬ್ಯಾಡ. ಬ್ಯಾಡಂದ್ರ ಬ್ಯಾಡ!

ಮೋದಿನಸಾಬ: ಅಕ್ಕಾರ, ಲೆನ್ಸು ಏನೂ ನೋಡೂದಿಲ್ರಿ. ಅದು ಬರೇ ಗಾಜು. ನೋಡಾಂವ ನಾನು.

ಸಿದ್ದಲಿಂಗವ್ವ: ಹಂಗಾರ ನೀವೂ ಬರಬ್ಯಾಡ್ರಿ.

ಮುಮತಾಜಬಿ: ಆತು, ಹೋತು ಲಗ್ನದ ಆರ್ಡರು. ಇನ್ನೊಂದೀಟು ವಾದಾ ಹಾಕ್ರಿ ನೀವು.

ಇದು ನರಗುಂದದ ಮೆಹನಾಜ ಫೋಟೋ ಸ್ಟುಡಿಯೋ. ಇಸವಿ ಎರಡು ಸಾವಿರದ ಏಳು, ಕೆಟ್ಟ ಬೇಸಿಗೆ, ಫ್ಯಾನು ತಿರುಗುತ್ತಿದೆ ಎಂದು ಹೇಳಿದರೆ ಫ್ಯಾನೇ ನಂಬುವುದಿಲ್ಲ. ಮೋದಿನಸಾಬರು ಮಾಲೀಕರು, ಮುಮತಾಜಬಿ ಅವರ ಹೆಂಡತಿ. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿರುವವರು ಕಾಳಿನ ವ್ಯಾಪಾರಿ ಅಂದಾನಪ್ಪನವರ ಹೆಂಡತಿ ಸಿದ್ದಲಿಂಗವ್ವ. ಎಂಟು ದಿನಕ್ಕೆ ಅವರ ಮಗಳು ರಾಜೇಶ್ವರಿಯ ಮದುವೆ. ಫೋಟೋ ಡಿಜಿಟಲ್ ಆಗಬೇಕು, ಇಲ್ಲವಾದರೆ ಗಜೇಂದ್ರಗಡದ ಸ್ಟುಡಿಯೋದವರನ್ನು ಕರೆಸುತ್ತೇನೆ ಎಂದು ಬರುತ್ತಲೇ ಹೇಳಿಯಾಗಿದೆ.

ಡಿಜಿಟಲ್ ಕ್ಯಾಮೆರಾ ಮೇಜಿನ ಮೇಲೆಯೇ ಇದೆ, ಒಂದಲ್ಲ, ಎರಡು. ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಯ ಅಲ್ತಾಫ ಬೆಳಿಗ್ಗೆ ಇಟ್ಟು, ಸಂಜೆ ಬಸ್ಸಿಗೆ ಬಂದು ಬೇಡವಾದದ್ದನ್ನು ಒಯ್ಯುತ್ತೇನೆ ಎಂದು ರೋಣಕ್ಕೆ ಹೋಗಿದ್ದಾನೆ. ಬೆಳ್ಳಿ ಬಣ್ಣದ ಸಣ್ಣದರ ಲೆನ್ಸು ಬಿಚ್ಚಲು ಬರುವುದಿಲ್ಲ. ಕಪ್ಪಗಿನ ದೊಡ್ಡದರ ಮೂತಿಗೆ ಅದರದೇ ಹೊಸ ಲೆನ್ಸೂ ಕೂಡುತ್ತದೆ, ಮೋದಿನಸಾಬರ ರೀಲಿನ ಕಾಲದ ಲೆನ್ಸೂ ಕೂಡುತ್ತದೆ. ಅವರ ಜೀವ ಇರುವುದು ಆ ಹಳೆಯ ಲೆನ್ಸಿನಲ್ಲಿ. ಮದುವೆಯ ಆರ್ಡರು ಸಿಕ್ಕರೆ ದೊಡ್ಡ ಕ್ಯಾಮೆರಾ ಕೊಳ್ಳಬಹುದು. ಸಿಗದಿದ್ದರೆ ಎರಡೂ ಬಸ್ಸು ಹತ್ತುತ್ತವೆ, ಮೋದಿನಸಾಬರು ರೀಲಿನ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ನೊಣ ಹೊಡೆಯಬೇಕು. ಊರಿನಲ್ಲಿ ರೀಲು ಕೇಳುವವರೇ ಉಳಿದಿಲ್ಲ.

ಮೋದಿನಸಾಬ: ಅದ ಲೆನ್ಸು ಅಂತ ಹ್ಯಾಂಗ ಹೇಳ್ತೀರಿ? ನನ್ನ ಹತ್ರ ನಾಕೈದು ಇರಬಹುದಲ್ರಿ.

ಸಿದ್ದಲಿಂಗವ್ವ: ಇರಬಹುದು. ಬಾಯಿಗೆ ನೆಗ್ಗು ಬಿದ್ದದ್ದು ಇದೊಂದ. ನಮ್ಮತ್ತಿನ್ನ ಹೊಲದಾಗ ಕುಂದರಿಸಿ, ಇಭೂತಿ ಹಚ್ಚಿ, ಮಾಲಿ ಹಾಕಿ, ಸುತ್ತ ನಾವೆಲ್ಲಾ ನಿಂತಿದ್ವಿ. ಎಲ್ಲಾರೂ ಫೋಟೋದಾಗ ಬರಬೇಕು ಅನಕೋತ ನೀವು ಹಿಂದ ಹಿಂದ ಸರದು ಅವರಿಗೆ ತೋಡಿದ ಕುಣ್ಯಾಗ ಬಿದ್ರಿ. ಅವತ್ತ ಬಿದ್ದ ನೆಗ್ಗು ಅದು.

ಮೋದಿನಸಾಬ: ಬಿದ್ರೂ ಕ್ಯಾಮೆರಾ ಕೈ ಬಿಟ್ಟಿಲ್ರಿ ನಾನು.

ಸಿದ್ದಲಿಂಗವ್ವ: ಅತ್ತಿಗಿಂತ ಮೊದ್ಲ ನೀವು ಕುಣಿ ಸೇರಿದ್ರಿ! ಮ್ಯಾಲೆದ್ದು ಬಂದು ಎರಡನೇ ಫೋಟೋ ಹೊಡದ್ರಿ. ಅದರಾಗ ಅಳೂ ಮಂದೀದು ಎಲ್ಲಾರದೂ ಹಲ್ಲು ಕಾಣತಾವು.

ಮುಮತಾಜಬಿ: ನಗದ ಕುಂತವರು ಅಂದ್ರ ನಿಮ್ಮತ್ತಿ ಒಬ್ಬರರಿ.

ಮೋದಿನಸಾಬ: ಅಕ್ಕಾರ, ಹೆಣಾ ನಿಮ್ಮ ಕಣ್ಣೂ ನೋಡ್ಯಾವಲ್ರಿ. ಲಗ್ನದ ದಿನಾ ಕಣ್ಣ ಮನ್ಯಾಗ ಇಟ್ಟು ಬರ್ತೀರೇನು?

ಸಿದ್ದಲಿಂಗವ್ವ: ನಾ ಮನಿಗೆ ಬಂದಕೂಡ್ಲೆ ತಲೀಮ್ಯಾಲೆ ನೀರ ಹಾಕ್ಕೊಂಡೆ. ಅದಕ್ಕ ಜಳಕಾ ಮಾಡಿಸೀರೇನು?

ಮೋದಿನಸಾಬ: ಲೆನ್ಸಿಗೆ ಯಾರರೇ ಜಳಕಾ ಮಾಡಸ್ತಾರೇನ್ರಿ!

ಸಿದ್ದಲಿಂಗವ್ವ: ಮತ್ತ? ಇಪ್ಪತ್ತ ವರ್ಷ ಆತು, ಹಂಗ ಮೈಲಗಿ ಕುಂತೈತಿ.

ಮುಮತಾಜಬಿ: ನಿಮ್ಮತ್ತಿ ಒಬ್ಬರ ಅಲ್ರಿ ಅಕ್ಕಾರ. ಮ್ಯಾಲಿನ ಓಣಿ ಗುರುಸಂಗಪ್ಪ, ಅವನ ತಮ್ಮ, ಅವರ ಸೋದರತ್ತಿ...

ಮೋದಿನಸಾಬ: ಏ ಮುಮತಾಜ, ನೀ ಯಾರ ಕಡೆ?

ಮುಮತಾಜಬಿ: ನಾ ಆರ್ಡರಿನ ಕಡೆ. ಸುಮ್ನ ಆ ಸಣ್ಣದ ಇಟ್ಕೊಳ್ರಿ. ಹೊಸಾ ಲೆನ್ಸು, ಒಂದ ಹೆಣಾನೂ ನೋಡಿಲ್ಲ. ಗುಂಡಿ ಒತ್ತಿದ್ರ ಎಲ್ಲಾ ತಾನ ಮಾಡತೈತಿ.

ಮೋದಿನಸಾಬ: ಅಂಗೈಯಷ್ಟ ಐತಿ ಅದು. ಅದನ್ನ ಹಿಡಕೊಂಡು ಲಗ್ನಕ್ಕ ಹೋದ್ರ ಉಣ್ಣಾಕ ಬಂದಾನ ಅಂತಾರ, ಫೋಟೋದವ ಬಂದಾನ ಅನ್ನೂದಿಲ್ಲ.

ಸಿದ್ದಲಿಂಗವ್ವ: ಅದಿರ್ಲಿ, ಹಳೇ ಲೆನ್ಸಿಗೆ ಬಣ್ಣಾ ಬರತೈತೇನು? ನಮ್ಮತ್ತಿ ಫೋಟೋ ಕಪ್ಪು-ಬಿಳಿ ಐತಿ.

ಮೋದಿನಸಾಬ: ಅದು ಲೆನ್ಸಿಂದಲ್ರಿ, ರೀಲಿಂದು. ಆವಾಗ ಕಪ್ಪು-ಬಿಳಿ ರೀಲ ಹಾಕಿದ್ದೆ.

ಸಿದ್ದಲಿಂಗವ್ವ: ಅದ ವಾರದಾಗ ತೋಟಪ್ಪನವರ ಮನಿ ಲಗ್ನಕ್ಕ ಬಣ್ಣದ ರೀಲ ಹಾಕಿದ್ರೆಲ್ಲ?

ಮುಮತಾಜಬಿ: ಸತ್ತವರು ಬಣ್ಣಾ ಕೇಳೂದಿಲ್ಲ ಅಂತಿದ್ರು ಇವರು.

ಮೋದಿನಸಾಬರು ಹೆಂಡತಿಯ ಕಡೆ ನೋಡಿದ ನೋಟಕ್ಕೆ ಬೇರೆ ಹೆಂಗಸಾಗಿದ್ದರೆ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು. ಮುಮತಾಜಬಿ ಕುರ್ಚಿ ಎಳೆದುಕೊಂಡು ಕೂತರು.

ಸಿದ್ದಲಿಂಗವ್ವ: ಇವರ ಮಾತು ನಂಬಬಾರದು. ನನ್ನ ಲಗ್ನದಾಗ ಇಟಗಿಯಿಂದ ನನ್ನ ಸೋದರಮಾವ ಬಂದಿದ್ದ. ಹೊಸಾ ಪಟಗಾ ಸುತಗೊಂಡು, ನಮ್ಮಿಬ್ಬರ ನಡುವ ನಿಂತು ಫೋಟೋ ಹೊಡಸ್ಕೊಂಡ. ಕಣ್ಣ ಕುಕ್ಕೂ ಹಂಗ ಬೆಳಕು ಬಂತು. ಆದ್ರ ಫೋಟೋ ಬರ್ಲಿಲ್ಲ. ಕೇಳಿದ್ರ ರೀಲ ಸುಟ್ಟೈತಿ ಅಂದ್ರು.

ಮುಮತಾಜಬಿ: ಸುಡಾಕ ರೀಲ ಇರಬೇಕಲ್ರಿ.

ಮೋದಿನಸಾಬ: ಏ!

ಸಿದ್ದಲಿಂಗವ್ವ: ಅಂದ್ರ?

ಮುಮತಾಜಬಿ: ಒಂದ ರೀಲಿಗೆ ಮೂವತ್ತಾರ ಫೋಟೋ. ಬೀಗರು-ಬಿಜ್ಜರು ಮುನ್ನೂರ ಮಂದಿ. ಯಾರಿಗೂ ಇಲ್ಲನ್ನಾಕ ಆಗೂದಿಲ್ಲ. ಮುಖ್ಯ ಮಂದಿಗೆ ಫೋಟೋ, ಉಳದವರಿಗೆ ಬರೇ ಫ್ಲ್ಯಾಶು.

ಸಿದ್ದಲಿಂಗವ್ವ: ನಮ್ಮ ಮಾಮಾ ಮುಖ್ಯ ಮಂದಿ ಅಲ್ಲೇನ್ರಿ?

ಮೋದಿನಸಾಬ: ಮುಖ್ಯರಿ, ಭಾಳ ಮುಖ್ಯ. ಆದ್ರ ಅವರು ಮೂವತ್ತೇಳನೇದವರು.

ಸಿದ್ದಲಿಂಗವ್ವ: ಸಾಯೂತನಕ ಕೇಳಿದ ಪಾಪ, 'ತಂಗಿ, ನನ್ನ ಫೋಟೋ ಬಂತೇನ' ಅಂತ! ಇನ್ನ ನಾ ಯಾರ ಮಾತೂ ಕೇಳಾಂಗಿಲ್ಲ. ಈ ಡಿಜಿಟಲದಾಗ ಹೊಡದಕೂಡ್ಲೆ ಹಿಂದ ಕಾಣತೈತಿ ಅಂತಾರಲ್ಲ, ಖರೇನೋ ಸುಳ್ಳೋ?

ಮೋದಿನಸಾಬ: ಖರೇರಿ.

ಸಿದ್ದಲಿಂಗವ್ವ: ಹೊಡೀರಿ ನನಗ. ಈಗ. ಆ ಹೊಸಾ ಲೆನ್ಸಿಲೆ.

ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡರು, ಹಣೆಯ ಬೆವರು ಒರೆಸಿದರು, ಪಾಸ್‌ಪೋರ್ಟಿಗೆ ಕೂತವರಂತೆ ಉಸಿರು ಬಿಗಿಹಿಡಿದರು. ಮೋದಿನಸಾಬರು ದೊಡ್ಡ ಕ್ಯಾಮೆರಾಕ್ಕೆ ಹೊಸ ಲೆನ್ಸು ಕೂಡಿಸಿ ಗುಂಡಿ ಒತ್ತಿದರು. ಮೂವರ ತಲೆಯೂ ಒಂದೇ ಪರದೆಯ ಮೇಲೆ ಬಾಗಿತು.

ಸಿದ್ದಲಿಂಗವ್ವ: ಯಾರ ಇದು?

ಮುಮತಾಜಬಿ: ನೀವರಿ.

ಸಿದ್ದಲಿಂಗವ್ವ: ನಾನಾ? ಸಣ್ಣದ ಕಾಣತೈತಿ, ಅದಕ್ಕ ಗುರುತ ಹತ್ತವಲ್ದು.

ಮುಮತಾಜಬಿ: ದೊಡ್ಡದು ಮಾಡಾಕ ಬರತೈತ್ರಿ. ಅಲ್ತಾಫ ತೋರಿಸ್ಯಾನ. ಈ ಗುಂಡಿ ಒತ್ತಿದ್ರ... ಹಾಂ, ಇನ್ನೊಮ್ಮಿ ಒತ್ತಿದ್ರ...

ಸಿದ್ದಲಿಂಗವ್ವ: ಸಾಕ! ಸಾಕವಾ! ಇದೇನ ತುಟಿ ಮ್ಯಾಲೆ?

ಮುಮತಾಜಬಿ: ಕೂದಲ್ರಿ.

ಸಿದ್ದಲಿಂಗವ್ವ: ನನಗ ಮೀಸಿ ಇಲ್ಲ!

ಮುಮತಾಜಬಿ: ನಮಗ ಗೊತ್ತೈತ್ರಿ. ಕ್ಯಾಮೆರಾಕ್ಕ ಗೊತ್ತಿಲ್ಲ.

ಮೋದಿನಸಾಬ: ಇದರಾಗ ಒಂದ ಕೋಟಿ ಚುಕ್ಕಿ ಅದಾವಂತ್ರಿ. ಅದಕ್ಕ ಎಲ್ಲಾ ಇಷ್ಟ ಸ್ಪಷ್ಟ ಕಾಣತೈತಿ.

ಸಿದ್ದಲಿಂಗವ್ವ: ಒಂದ ಕೋಟೀನೂ ನನ್ನ ಮಾರಿಗೇ ಹಾಕೀರೇನು? ಅಳಸ್ರಿ ಅದನ್ನ. ಯಾರರೇ ನೋಡ್ಯಾರು.

ಫೋಟೋ ಅಳಿಸಿದರು. ಪೂರ್ತಿ ಅಳಿಸಿತೋ, ಎಲ್ಲಿಯಾದರೂ ಒಂದು ಮೂಲೆಯಲ್ಲಿ ಉಳಿಯಿತೋ ಎಂದು ಸಿದ್ದಲಿಂಗವ್ವ ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೆ ಖರೇ ದುಃಖವಾಗಿತ್ತು. ಎಂಟು ದಿನಕ್ಕೆ ಇಡೀ ಬಳಗ ಇದೇ ಕ್ಯಾಮೆರಾದ ಮುಂದೆ ನಿಲ್ಲಬೇಕು, ಅವರೇ ಮೊದಲ ಸಾಲಿನಲ್ಲಿ. ಗೋಡೆಯ ಮೇಲೆ ಗಾಜಿನ ಒಳಗಿದ್ದ ಮಗಳ ಫೋಟೋದ ಕಡೆಗೆ ಕಣ್ಣು ಹೋಯಿತು.

ಸಿದ್ದಲಿಂಗವ್ವ: ನಮ್ಮ ರಾಜೀ ಫೋಟೋ ಹ್ಯಾಂಗ ಬಂದೈತಿ ನೋಡ್ರಿ. ಹಾಲಿನಾಗ ತೊಳದಂಗ ಬಂದೈತಿ. ಅದನ್ನ ನೋಡಿದಕೂಡ್ಲೆ ರೋಣದ ಬೀಗರು ಹೂಂ ಅಂದ್ರು. ಬೀಗತಿ ಸಕ್ರವ್ವಂತೂ, 'ಹುಡುಗಿ ನೋಡಾಕ ತಾಯಿ ಹಂಗಿಲ್ಲ, ಪುಣ್ಯಾ' ಅಂದ್ಲಂತ. ಇರ್ಲಿ.

ಮೋದಿನಸಾಬ: ಆ ಫೋಟೋ ಯಾವ ಲೆನ್ಸಿಲೆ ತೆಗದೀನಿ ಅಂತೀರಿ?

ಸಿದ್ದಲಿಂಗವ್ವ: ಯಾವುದರಿಲೆ?

ಮೋದಿನಸಾಬರು ನೆಗ್ಗು ಬಿದ್ದ ಲೆನ್ಸನ್ನು ಎತ್ತಿ ತೋರಿಸಿದರು.

ಸಿದ್ದಲಿಂಗವ್ವ: ಅಯ್ಯ ಶಿವನ! ಕನ್ಯಾ ತೋರಸೂ ಫೋಟೋ ಹೆಣದ ಲೆನ್ಸಿಲೆ?

ಮೋದಿನಸಾಬ: ಕನ್ಯಾ ಒಪ್ಪಿಗಿ ಆತಲ್ರಿ. ಹೆಣಾ ಏನ ಅಡ್ಡ ಬರ್ಲಿಲ್ಲ.

ಸಿದ್ದಲಿಂಗವ್ವ ಮಗಳ ಫೋಟೋವನ್ನು ಇನ್ನೊಮ್ಮೆ ನೋಡಿದರು, ಸೆರಗಿನ ತುದಿಯಿಂದ ಮೇಲ್ದುಟಿ ಒರೆಸಿಕೊಂಡರು.

ಸಿದ್ದಲಿಂಗವ್ವ: ಒಂದ ಹೊಡೀರಿ ನೋಡೂಣು. ನೋಡೂದಷ್ಟ ಮತ್ತ.

ಹಳೆಯ ಲೆನ್ಸು ಟಕ್ಕೆಂದು ಕೂತಿತು. ಮೋದಿನಸಾಬರು ಒಂದು ಕಣ್ಣು ಮುಚ್ಚಿ, ಉಂಗುರ ತಿರುಗಿಸಿ, ನೋಡಿ, ತಲೆ ಎತ್ತಿದರು.

ಮೋದಿನಸಾಬ: ಬರೇ ಮೂಗು ಬರಾಕತ್ತೈತಿ.

ಸಿದ್ದಲಿಂಗವ್ವ: ಯಾಕ? ನನ್ನ ಮೂಗು ಅಷ್ಟೇನ ದೊಡ್ಡದಿಲ್ಲ.

ಮೋದಿನಸಾಬ: ಹಂಗಲ್ರಿ. ರೀಲಿನ ಲೆನ್ಸು ಡಿಜಿಟಲಕ್ಕ ಹಾಕಿದ್ರ ಸುತ್ತಲಿಂದು ಕಟ್ಟಾಗಿ ನಡುವಿಂದಷ್ಟ ಬರತೈತಿ. ನಾ ಹಿಂದ ಸರೀಬೇಕು.

ಮುಮತಾಜಬಿ: ಹಿಂದ ನೋಡಿ ಸರೀರಿ. ಈ ಸಲ ಎತ್ತಾಕ ಮಂದಿ ಇಲ್ಲ.

ಮೋದಿನಸಾಬರು ಸರಿದರು. ಬಾಗಿಲಿಗೆ ಬಂದರು, ಮೆಟ್ಟಿಲು ಇಳಿದರು, ರಸ್ತೆ ದಾಟಿದರು, ಎದುರಿನ ಬಾಷಾಸಾಬರ ಸೈಕಲ್ ಅಂಗಡಿಯೊಳಗೆ ಹೋಗಿ ನಿಂತರು. ಅಲ್ಲಿಂದ ಕೂಗಿ ಮಾತಾಡಿದರು.

ಮೋದಿನಸಾಬ: ಅಕ್ಕಾರ! ಈಗ ಸೊಂಟದ ತನಕ ಬಂದ್ರಿ! ನಗ್ರಿ!

ಸಿದ್ದಲಿಂಗವ್ವ: ಓಣ್ಯಾಗ ನಿಂತು ನಗ್ರಿ ಅನಬ್ಯಾಡ್ರಿ, ಮಂದಿ ಏನ ತಿಳಕೊಂಡಾರು! ಲಗೂ ಹೊಡೀರಿ!

ಒತ್ತುವ ಹೊತ್ತಿಗೆ ಕಡ್ಲಿ ಚೀಲ ಹೇರಿದ ಟೆಂಪೊ ನಡುವೆ ಬಂತು. ಇನ್ನೊಮ್ಮೆ ಒತ್ತುವಾಗ ಬಾಷಾಸಾಬರೇ ಕ್ಯಾಮೆರಾದ ಮುಂದೆ ಬಂದು ಏನು ನಡೆದಿದೆ ಎಂದು ಕೇಳಿದರು. ಮೂರನೆಯದು ಬಂತು. ಮೋದಿನಸಾಬರು ಏದುಸಿರು ಬಿಡುತ್ತ ವಾಪಸು ಬಂದು ಪರದೆ ತೋರಿಸಿದರು.

ಸಿದ್ದಲಿಂಗವ್ವ ಕ್ಯಾಮೆರಾವನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡರು.

ಮುಮತಾಜಬಿ: ದೊಡ್ಡದು ಮಾಡ್ಲೇನ್ರಿ?

ಸಿದ್ದಲಿಂಗವ್ವ: ಮಾಡು. ಇನ್ನೊಂದೀಟು ಮಾಡು. ಮೀಸಿ ಎಲ್ಲೈತಿ?

ಮುಮತಾಜಬಿ: ಇಲ್ರಿ.

ಸಿದ್ದಲಿಂಗವ್ವ: ಈ ಗದ್ದದ ಗೆರಿ?

ಮುಮತಾಜಬಿ: ಅದೂ ಇಲ್ರಿ.

ಸಿದ್ದಲಿಂಗವ್ವ: ನೋಡ್ರಿ, ರಾಜೀ ಹುಟ್ಟಿದ ವರ್ಷ ನಾ ಥೇಟ್ ಹಿಂಗ ಇದ್ದೆ!

ಮೋದಿನಸಾಬರ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು.

ಮೋದಿನಸಾಬ: ಅದಕ್ಕ ಅನ್ನೂದು ಅಕ್ಕಾರ, ಹಳೇ ಗಾಜಿನ ಗುಣಾನ ಬ್ಯಾರೆ. ಇದಕ್ಕ ಮನಷ್ಯಾರ ಮಾರಿ ಮ್ಯಾಲೆ ಕರುಣಾ ಐತಿ. ಮತ್ತ ಮೂವತ್ತ ವರ್ಷದ ನನ್ನ ಕೈಚಳಕ.

ಮುಮತಾಜಬಿ: ಗುಣಾ ಅಲ್ರಿ, ಕೈಚಳಕಾನೂ ಅಲ್ಲ. ಅದು ಬೂಸು.

ಮೋದಿನಸಾಬ: ಏನು?

ಮುಮತಾಜಬಿ: ಬೂಸು ಹಿಡದೈತಿ ಒಳಗ. ಉಪ್ಪಿನಕಾಯಿಗೆ ಹಿಡೀತೈತಲ್ಲ, ಹಂಗ. ಬೆಳಕಿಗೆ ಹಿಡದು ನೋಡ್ರಿ, ಬೆಳ್ಳಗ ಎಳಿ-ಎಳಿ ಕಾಣತೈತಿ. ಮುಂಜಾನೆ ಅಲ್ತಾಫ ನೋಡಿದಾ. ಹುಬ್ಬಳ್ಳಿಗೆ ಒಯ್ದು ಬಿಚ್ಚಿ ಒರಸಿ ಕೊಡ್ತೀನಿ, ಹೊಸಾದರಗತೆ ಸ್ಪಷ್ಟ ಕಾಣತೈತಿ ಅಂದಾ. ನಿಮಗ ಬ್ಯಾಸರ ಆಗತೈತಿ ಅಂತ ನಾ ಹೇಳಿರಲಿಲ್ಲ.

ಮೋದಿನಸಾಬರು ಲೆನ್ಸನ್ನು ಬಾಗಿಲ ಬೆಳಕಿಗೆ ಹಿಡಿದರು. ಎಳೆ ಕಂಡವು. ಎಷ್ಟು ವರ್ಷಗಳಿಂದ ಇದ್ದವೋ ಅವರಿಗೆ ಗೊತ್ತಿರಲಿಲ್ಲ. ತೆಗೆದ ಕನ್ಯೆ-ವರಗಳ ಫೋಟೋ ಎಷ್ಟು, ಕೂಡಿಸಿದ ಸಂಬಂಧ ಎಷ್ಟು ಎಂದು ಅವರು ಊರ ತುಂಬ ಹೇಳಿಕೊಂಡು ತಿರುಗಿದ್ದರು. ಈಗ ಸ್ಟೂಲು ಖಾಲಿ ಇದ್ದಿದ್ದರೆ ಅದರ ಮೇಲೆ ಕೂತುಬಿಡುತ್ತಿದ್ದರು.

ಮೋದಿನಸಾಬ: ಒಯ್ಲಿ ಬಿಡು. ಒರಸಿಕೊಂಡ ಬರ್ಲಿ.

ಸಿದ್ದಲಿಂಗವ್ವ: ಕೈ ಮುಟ್ಟೀರಿ ಜ್ವಾಕಿ! ಬೂಸಾದ್ರ ಬೂಸು, ನಿಮಗೇನ ತ್ರಾಸು? ನನ್ನ ಮಗಳ ಲಗ್ನಾ ಮುಗಿಯೂತನಕ ಅದನ್ನ ಯಾರೂ ಒರಸೂ ಹಂಗಿಲ್ಲ.

ಮುಮತಾಜಬಿ: ಮತ್ತ ನಿಮ್ಮತ್ತಿ ಹೆಣಾ ಅಕ್ಕಾರ?

ಸಿದ್ದಲಿಂಗವ್ವ: ಮಮ್ಮಗಳ ಲಗ್ನಾವಾ ಅದು. ಅವರೂ ಒಂದೀಟು ನೋಡ್ಲಿ ಬಿಡು.

ಆರ್ಡರು ಆಯಿತು. ಸಿದ್ದಲಿಂಗವ್ವ ಚೀಲದಿಂದ ಲಗ್ನಪತ್ರಿಕೆ ತೆಗೆದು, ಮೂಲೆಗೆ ಅರಿಷಿಣ ಹಚ್ಚಿದ್ದನ್ನು ನೋಡಿ, ಎರಡೂ ಕೈಯಿಂದ ಮುಮತಾಜಬಿಗೆ ಕೊಟ್ಟರು. ಮೋದಿನಸಾಬರು ಹೊಸ ಲೆನ್ಸನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕತೊಡಗಿದರು. ಮೆಟ್ಟಿಲು ಇಳಿಯುತ್ತಿದ್ದ ಸಿದ್ದಲಿಂಗವ್ವ ನಿಂತು ತಿರುಗಿದರು.

ಸಿದ್ದಲಿಂಗವ್ವ: ಅದನ್ನೇನ ಮಾಡ್ತೀರಿ?

ಮೋದಿನಸಾಬ: ಅಲ್ತಾಫಗ ತಿರುಗಿ ಕೊಡ್ತೀನ್ರಿ. ನಿಮಗ ಬ್ಯಾಡಾತಲ್ಲ.

ಸಿದ್ದಲಿಂಗವ್ವ: ಹುಚ್ಚೇನು ನಿಮಗ? ಅದೂ ತರ್ರಿ. ನಮ್ಮ ಕಡೆಯವರಿಗೆಲ್ಲಾ ಹಳೇದ ಇರ್ಲಿ. ಬೀಗತಿ ಸಕ್ರವ್ವ ಬಂದು ನಿಂತಕೂಡ್ಲೆ ಹೊಸಾದು ಹಾಕ್ರಿ. ಹಾಕಿ, ಹತ್ರ ಹೋಗಿ ಹೊಡೀರಿ.