ಬಿಗಿದು ನಗುವ ವಿದ್ಯೆ

ಗಂಭೀರವಾಗಿ ಕೂತವರೆಲ್ಲ ಜ್ಞಾನಿಗಳೇ ಆಗಿರಬೇಕೆಂದಿಲ್ಲ. ಕೆಲವರಿಗೆ ನಕ್ಕರೆ ಸೀರೆ ಒದ್ದೆಯಾಗುತ್ತದೆ, ಅಷ್ಟೇ. ಇದು ನನ್ನ ಸ್ವಂತ ಅನುಭವ. ಎರಡು ಹೆರಿಗೆ, ಐವತ್ತು ದಾಟಿದ ವಯಸ್ಸು, ಸಾಲದ್ದಕ್ಕೆ ಹುಟ್ಟಾ ನಗೆಬುರುಕಿ. ಸೀನಿದರೆ ಹನಿ, ಕೆಮ್ಮಿದರೆ ಇನ್ನಷ್ಟು, ನಕ್ಕರಂತೂ ಕೇಳಲೇಬೇಡಿ. ಹಾಗಾಗಿ ನಗುವುದನ್ನೇ ಬಿಟ್ಟೆ. ಬಿಟ್ಟದ್ದೇ ತಡ, ಅಥಣಿಯ ನಮ್ಮ ಓಣಿಯಲ್ಲಿ ನನ್ನ ಮರ್ಯಾದೆ ಏರಿತು ನೋಡಿ! "ಅಕ್ಕಾರು ಭಾಳ ಶಾಂತ ಆಗ್ಯಾರ, ಅವರನ್ನ ಒಂದ ಮಾತ ಕೇಳೂಣು" ಎಂದು ಅತ್ತೆ-ಸೊಸೆಯರ ಜಗಳಗಳೆಲ್ಲ ನಮ್ಮ ಕಟ್ಟೆಗೇ ಬರತೊಡಗಿದವು. ಅವರ ಜಗಳ ಕೇಳಿ ನಗು ಉಕ್ಕಿದರೂ ನಾನು ತುಟಿ ಕಚ್ಚಿ ಕೂತಿರುತ್ತಿದ್ದೆ. ಅವರು ಅದನ್ನು ಆಳವಾದ ಆಲೋಚನೆ ಎಂದುಕೊಳ್ಳುತ್ತಿದ್ದರು.

ಈ ಮರ್ಯಾದೆಗೆ ಕಲ್ಲು ಹಾಕಿದವಳು ಶೇಡಬಾಳದ ವೈನಿ, ನಮ್ಮ ಅಣ್ಣನ ಹೆಂಡತಿ. ದೀಪಾವಳಿ ಆದ ಮೇಲೆ ಮಗನ ಮದುವೆ ಎಂದು ಹೇಳಲು ಬಂದಿದ್ದಳು. "ನಾ ಬರೂದಿಲ್ಲ ವೈನಿ, ಮೊಣಕಾಲ ನೋವು" ಎಂದೆ. ನಿಜವಾದ ಭಯ ಅವಳ ಒಡಪಿನದು. ಮದುವೆಮನೆಯಲ್ಲಿ ಹೆಂಗಸರಿಂದ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳಿಸುತ್ತಾರಲ್ಲ, ಅದರಲ್ಲಿ ವೈನಿಯನ್ನು ಮೀರಿಸುವವರಿಲ್ಲ. ಅವಳು ಒಡಪು ಹೇಳಿದರೆ ಚಪ್ಪರವೆಲ್ಲ ಬಿದ್ದು ಬಿದ್ದು ನಗುತ್ತದೆ.

ವೈನಿ ನನ್ನ ಮೊಣಕಾಲಿನ ಕಡೆ ನೋಡಲೂ ಇಲ್ಲ. "ನಕ್ಕರ ಸೋರತೈತೇನ?" ಎಂದಳು. ತಲೆಯಾಡಿಸಿದೆ. ಅಳುವೇ ಬಂತು.

"ಅಳಬ್ಯಾಡ. ನಂದೂ ಹಂಗ ಇತ್ತ, ಈಗ ಆರಾಮ ಅದೀನಿ. ಚಿಕ್ಕೋಡಿಗೆ ನಡಿ. ನೀ ನಗದಿದ್ದರ ನಾ ಒಡಪ ಯಾರಿಗಿ ಹೇಳ್ಲಿ?"

ಮೂತ್ರ ತಡೆಹಿಡಿಯುವ ಸ್ನಾಯುಗಳಿಗೆ ಅಲ್ಲಿ ಚಿಕಿತ್ಸೆ ಕೊಡುತ್ತಾರಂತೆ, ಆದರೆ ಪೆಲ್ವಿಕ್ ಫ್ಲೋರ್ ಕ್ಲಿನಿಕ್ ಎಂಬ ಹೆಸರು ಕೇಳಿಯೇ ಅರ್ಧ ಜೀವ ಹೋಗಿತ್ತು. ದವಾಖಾನೆ ಎಂದರೆ ಖಾಲಿ ಹೊಟ್ಟೆ ಎಂಬುದು ನಮ್ಮ ಮನೆಯ ಶಾಸ್ತ್ರ. ಬೆಳಗಿನಿಂದ ಗುಟುಕು ನೀರೂ ಕುಡಿಯದೆ ಹೋದೆ. ಅಲ್ಲಿ ಮೊದಲು ಕೈಗಿಟ್ಟದ್ದು ಪುಟ್ಟ ಡಬ್ಬಿ, ಮೂತ್ರ ಪರೀಕ್ಷೆಗೆ. ಬೇಡ ಬೇಡವೆಂದರೂ ಇಷ್ಟು ಕಾಲ ಬಂದದ್ದು, ಬೇಕೆಂದಾಗ ಒಂದು ಹನಿಯೂ ಬರಲಿಲ್ಲ! ವೈನಿ ಬಾಟಲಿ ನೀರು ಕುಡಿಸಿ ಕೂರಿಸಿದಳು.

ಡಾಕ್ಟರಬಾಯಿ ನನ್ನ ಮಗಳ ವಯಸ್ಸಿನವಳು. "ದಿನಕ್ಕ ಚಹಾ ಎಷ್ಟ ಸಲ ಅಕ್ಕಾರ?" ಎಂದಳು.

"ಎಷ್ಟ ಮನಿಗೆ ಹೋಗತೀನೋ ಅಷ್ಟ."

"ಅದನ್ನ ಕಡಿಮಿ ಮಾಡ್ರಿ. ಈಗ ಒಳಗ ಒಂದ ಸಲ ನೋಡತೀನ್ರಿ. ಬ್ಯಾಡ ಅಂದ್ರ ಬಿಡತೀನಿ."

ಪರದೆ ಎಳೆದು ಮೇಲೆ ಚಾದರ ಹೊದಿಸಿದಳು. ನಾನು ಹೂಂ ಅಂದೆ. ಹೆದರಿದಷ್ಟೇನೂ ಇರಲಿಲ್ಲ.

"ನಾಕ ಮಂದಿಯೊಳಗ ಕುಂತಾಗ ಗಾಳಿ ತಡೀತೀರಲ್ರಿ, ಹಂಗ ಬಿಗೀರಿ ನೋಡೂಣು" ಎಂದಳು. ಮೈಯ ಬಲವೆಲ್ಲ ಹಾಕಿ ಬಿಗಿದೆ.

"ಅಕ್ಕಾರ, ಹುಬ್ಬ ಬಿಗದೀರಿ. ಕೆಳಗ್ರೀ, ಕೆಳಗ!"

ಪರದೆಯ ಆಚೆ ವೈನಿ ಕಿಸಕ್ಕೆಂದಳು. ಕೊನೆಗೂ ಸರಿಯಾದ ಜಾಗ ಸಿಕ್ಕಿತು. ದಿನಾ ಬಿಗಿಯಬೇಕು, ಬಿಡಬೇಕು, ಉಸಿರು ಕಟ್ಟಬಾರದು, ಒಂದೆರಡು ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬಾರದು. "ಸೀನೂಕಿಂತ ಮೊದಲ, ನಗೂಕಿಂತ ಮೊದಲ ಬಿಗೀರಿ. ಆಮ್ಯಾಲ ಬೇಕಾದಷ್ಟ ನಗ್ರಿ" ಎಂದು ಡಾಕ್ಟರಬಾಯಿ ಬೆನ್ನು ತಟ್ಟಿ ಕಳಿಸಿದಳು. ಅಂದಿನಿಂದ ಮದುವೆಯವರೆಗೆ ಮೂರು ತಿಂಗಳು ರೊಟ್ಟಿ ಬಡಿಯುವಾಗಲೂ ಬಿಗಿದೆ, ಜಗಳ ಬಿಡಿಸುವಾಗಲೂ ಬಿಗಿದೆ.

ಮದುವೆಯ ದಿನ ವೈನಿ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿ, ಎದುರು ನಿಂತು ಶುರುಮಾಡಿದಳು: "ದ್ರಾಕ್ಷಿ ಸಿಹಿ, ಹುಣಸಿ ಹುಳಿ, ಅಣ್ಣಾಸಾಹೇಬರ ಗೊರಕಿಗೆ ಮನಿ ಬಿಟ್ಟಾವ ಇಲಿ!"

ಚಪ್ಪರ ಹಾರಿಹೋಗುವಂತೆ ಎಲ್ಲರೂ ನಕ್ಕರು. ನಾನು ಮೊದಲು ಬಿಗಿದೆ. ಉಸಿರು ಕಟ್ಟಿಲ್ಲ ತಾನೇ ಎಂದು ನೋಡಿಕೊಂಡೆ. ಹುಬ್ಬು ಸಡಿಲಿಸಿದೆ. ಅಷ್ಟರಲ್ಲಿ ಮಂದಿ ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಸುಮ್ಮನಾಗಿದ್ದರು. ಆ ನಿಶ್ಶಬ್ದದಲ್ಲಿ ನಾನೊಬ್ಬಳೇ, ಕೂಡಿಟ್ಟ ನಗುವನ್ನೆಲ್ಲ ಹೊರಹಾಕುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೀರೆ ಮುಟ್ಟಿ ನೋಡಿಕೊಂಡೆ, ಒದ್ದೆಯೇ ಆಗಿರಲಿಲ್ಲ! ಆ ಸಂತೋಷಕ್ಕೆ ಮತ್ತೊಮ್ಮೆ ನಕ್ಕೆ.

ಹಿಂದಿನ ಸಾಲಿನಲ್ಲಿ ನಮ್ಮ ಓಣಿಯವಳೊಬ್ಬಳು ಪಕ್ಕದವಳಿಗೆ ಹೇಳುವುದು ಕೇಳಿಸಿತು: "ಪಾಪ, ಅಕ್ಕಾರಿಗಿ ತಿಳಿಯೂದ ಸ್ವಲ್ಪ ತಡಾ ಅಲಾ?"

ಅಂದಿನಿಂದ ಒಂದೇ ಒಂದು ಜಗಳವೂ ನಮ್ಮ ಕಟ್ಟೆ ಹತ್ತಿಲ್ಲ.