ಲೈಸೆನ್ಸ್ ಬರುವ ತನಕ ಕೈ ಕಟ್ಟಿ ಕೂತಿದ್ದು

ಇನ್ನೊಬ್ಬರ ನಡವಳಿಕೆಯನ್ನು ನೋಡಿ ಬರೆದುಕೊಳ್ಳುವುದೇ ನನ್ನ ಹೊಟ್ಟೆಪಾಡು. ಹಾಗೆ ನೋಡುತ್ತ ಕೂತವರ ಮುಂದೆ ಜನ ನೆಟ್ಟಗೆ ನಡೆದುಕೊಳ್ಳುವುದು ಅಪರೂಪ, ಅದಕ್ಕೇ ನಗುವುದಕ್ಕೆ ನನಗೆ ಎಂದೂ ಬರಗಾಲವಿಲ್ಲ. ಮಾತು ತಡವಾದ ಮಕ್ಕಳಿಗೆ ಕೇಳುವುದು, ಕಾಯುವುದು, ಬೇಡವೆನ್ನುವುದು ಇವನ್ನೆಲ್ಲ ಕಲಿಸುವ ಬಿಹೇವಿಯರ್ ಅನಲಿಸ್ಟ್ ನಾನು. ಮೈಸೂರಿನಲ್ಲಿ ಎಂಟು ವರ್ಷ ಇದನ್ನೇ ಮಾಡಿ ದೋಹಾಕ್ಕೆ ಬಂದರೆ, ಇಲ್ಲಿನ ಲೈಸೆನ್ಸ್ ಕೈಗೆ ಬರುವ ತನಕ ಪಾಠ ಹೇಳುವಂತಿಲ್ಲ ಎಂದರು. ಕೆಲಸಕ್ಕೆ ಸೇರಿದ ಮಕ್ಕಳ ಸೆಂಟರಿನಲ್ಲಿ ಕೂತು ನೋಡಬಹುದು, ಅಷ್ಟೆ. ನನಗೆಂದು ಗೊತ್ತುಮಾಡಿದ್ದ ಐದು ವರ್ಷದ ಹುಡುಗಿ ದಿನಾ ಬಂದು ನನ್ನ ಮಡಿಲಿಗೆ ಆಟದ ಸಾಮಾನು ಹಾಕುತ್ತಿದ್ದಳು. ನಾನು ಕೈ ಕಟ್ಟಿಕೊಂಡು ಬೇರೆ ಕಡೆ ನೋಡಬೇಕು.

ಅರ್ಜಿ

ಅರ್ಜಿ ತುಂಬಿಸಲು ಟೈಪಿಂಗ್ ಸೆಂಟರಿಗೆ ಹೋದೆ. ಅಲ್ಲಿದ್ದ ಮಲಯಾಳಿ ಅಣ್ಣನ ಕಂಪ್ಯೂಟರಿನಲ್ಲಿ ಕಸುಬುಗಳ ಉದ್ದದ ಪಟ್ಟಿ.

"ಡಾಕ್ಟರಾ?"

"ಅಲ್ಲ."

"ನರ್ಸಾ?"

"ಅಲ್ಲ."

"ಸೈಕಾಲಜಿಸ್ಟಾ? ಟೀಚರಾ?"

"ಅವೂ ಅಲ್ಲ."

ಆತ ಕೀಬೋರ್ಡಿನಿಂದ ಕೈ ತೆಗೆದ. ನನ್ನ ಮೇಲೆ ಅವನಿಗೆ ನಿಜಕ್ಕೂ ಕನಿಕರ ಬಂದಿತ್ತು.

"ಚೇಚಿ, ಅಕ್ಕಾ, ಏನೂ ಅಲ್ಲದವರಿಗೆ ಲೈಸೆನ್ಸ್ ಯಾಕೆ? ಹಾಗೇ ಇರಬಹುದಲ್ಲ!"

ಸಾಕ್ಸು

ಪಟ್ಟಿಯ ಕೊನೆಯಲ್ಲಿ ನನ್ನ ಕಸುಬೂ ಸಿಕ್ಕಿತು, ಅರ್ಜಿ ಹೋಯಿತು. ಆದರೆ ಕೈ ಸುಮ್ಮನಿರಬೇಕಲ್ಲ. ನಮ್ಮ ಯಜಮಾನರು ರಾಸ್ ಲಫಾನ್ ಗ್ಯಾಸ್ ಪ್ಲಾಂಟಿನ ಶಿಫ್ಟ್ ಮುಗಿಸಿ ಬಂದವರೇ ಸಾಕ್ಸನ್ನು ಸೋಫಾದ ಮೇಲೆ ಎಸೆಯುವುದು ರೂಢಿ. ಮನೆಯಲ್ಲಿ ಪಾಠ ಹೇಳಲು ಲೈಸೆನ್ಸ್ ಬೇಡವಲ್ಲ! ಸಾಕ್ಸು ಒಗೆಯುವ ಬಟ್ಟೆಯ ಬಕೆಟ್ಟಿಗೆ ಬಿದ್ದಾಗಲೆಲ್ಲ "ಭೇಷ್!" ಎಂದು ಒಂದು ಕೋಡುಬಳೆ ಕೊಟ್ಟೆ, ದಿನಕ್ಕೆ ಎಷ್ಟು ಜೊತೆ ಎಂದು ಗ್ರಾಫ್ ಬರೆದೆ.

ಗೆರೆ ದಿನದಿಂದ ದಿನಕ್ಕೆ ಏರಿತು. ಒಂದು, ಎರಡು, ಆರು! ನಾನು ಬೀಗಿದೆ. ಎರಡು ಕಾಲಿನ ಮನುಷ್ಯನಿಗೆ ದಿನಕ್ಕೆ ಆರು ಜೊತೆ ಸಾಕ್ಸು ಎಲ್ಲಿಂದ ಎಂದು ಹೊಳೆದದ್ದು ಎರಡು ವಾರದ ಮೇಲೆ. ಹೋಗಿ ನೋಡಿದರೆ, ಬೀರುವಿನಿಂದ ಒಗೆದ ಸಾಕ್ಸು ತೆಗೆದು ಬಕೆಟ್ಟಿಗೆ ಹಾಕುತ್ತಿದ್ದಾರೆ.

"ಏನ್ರೀ ಇದು?"

"ನಿನ್ನ ಗ್ರಾಫ್ ಇಳಿದರೆ ನಿನಗೆ ಬೇಜಾರಾಗಲ್ವೇನೆ?" ಎಂದು ಕೈ ಚಾಚಿದರು, ಕೋಡುಬಳೆಗೆ.

ತಪಾಸಣೆ

ಕೊನೆಗೂ ಫೋಟೋ ಇದ್ದ ಲೈಸೆನ್ಸ್ ಕಾರ್ಡು ಬಂತು. ಕೊರಳಿಗೆ ತೂಗಿಹಾಕಿಕೊಂಡು ಸೆಂಟರಿಗೆ ಹೋದ ದಿನವೇ ತಪಾಸಣೆಗೆ ಅಧಿಕಾರಿಯೊಬ್ಬರು ಬಂದಿದ್ದರು. ಕಾರ್ಡು ಕೇಳಿ ಪಡೆದು ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ.

"ಇದರಲ್ಲಿ ತೆಳ್ಳಗಿದ್ದೀರಿ."

"ಅರ್ಜಿ ಹಾಕಿದಾಗ ತೆಳ್ಳಗೇ ಇದ್ದೆ ಸಾರ್."

ಅವರು ನಗಲಿಲ್ಲ. "ಖಾತ್ರಿಯಾಗುವ ತನಕ ಪಾಠ ಶುರುಮಾಡಬೇಡಿ" ಎಂದರು.

ಅಷ್ಟರಲ್ಲಿ ನಮ್ಮ ಐದು ವರ್ಷದ ಆ ಹುಡುಗಿ ಓಡಿಬಂದಳು. ಅವರ ಕೈಯಿಂದ ಕಾರ್ಡು ಕಿತ್ತುಕೊಂಡು ಫೋಟೋ ನೋಡಿದಳು, ಅದನ್ನು ಅವರ ಅಂಗೈಯಲ್ಲೇ ಇಟ್ಟು ಒತ್ತಿದಳು. ಆಮೇಲೆ ತನ್ನ ಕೈ ಚಾಚಿ ನಿಂತಳು.

"ಏನು ಬೇಕಂತೆ?"

"ಸಾರ್, ಮಾತು ಬಾರದ ಮಕ್ಕಳಿಗೆ ನಾವು ಹೀಗೆ ಕಲಿಸುತ್ತೇವೆ. ಬೇಕಾದ್ದರ ಚಿತ್ರ ಕೊಟ್ಟು ಕೇಳಬೇಕು. ಬಿಸ್ಕತ್ತಿನ ಚಿತ್ರ ಕೊಟ್ಟರೆ ಬಿಸ್ಕತ್ತು. ತಗೊಂಡವರು ತಕ್ಷಣ ಕೊಡಬೇಕು."

"ಅಂದರೆ ಇವಳಿಗೆ..."

"ನಾನು ಬೇಕು ಸಾರ್."

ಅಧಿಕಾರಿ ಅಂಗೈಯಲ್ಲಿದ್ದ ಕಾರ್ಡನ್ನು ನನಗೆ ವಾಪಸು ಕೊಟ್ಟರು. "ಫೋಟೋ ನಿಮ್ಮದೇ ಅಂತ ಇವಳಿಗಂತೂ ಅನುಮಾನವಿಲ್ಲ" ಎಂದು ತಪಾಸಣೆಯ ಹಾಳೆಗೆ ಸಹಿ ಹಾಕಿದರು. "ಯಲ್ಲಾ, ನಡಿ, ತಗೋ!" ಎಂದು ನನ್ನನ್ನು ಅವಳತ್ತ ಕಳಿಸಿ, ಅಲ್ಲೇ ನಿಂತು ಮುಗುಳ್ನಗುತ್ತ ನೋಡತೊಡಗಿದರು.

ಹುಡುಗಿ ನನ್ನ ಬೆರಳು ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಹೆಗಲಿಗೆ ತೂಗಿದ್ದ ಚಿತ್ರ-ಕಾರ್ಡುಗಳ ಪುಸ್ತಕ ತಡಕಿ, ಒಂದು ಕಾರ್ಡು ಕಿತ್ತು ಸಾಹೇಬರ ಅಂಗೈಗೆ ಒತ್ತಿದಳು.

ಅದರಲ್ಲಿದ್ದದ್ದು ಟಾಟಾ ಮಾಡುವ ಕೈ. ತಕ್ಷಣ ಕೊಡಬೇಕೆಂದು ಆಗಲೇ ಕಲಿತಿದ್ದ ಸಾಹೇಬರು ಕೈ ಬೀಸುತ್ತ ಬಾಗಿಲು ದಾಟಿದರು.